ದುಂಬಿಯ ವೇಷದ ದರೋಡೆ ನೊಣಗಳು: ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಪ್ಪು-ಹಳದಿ ರೋಮ, ದಪ್ಪ ಮೈ, ಗುಂಯ್ ಎನ್ನುವ ಸದ್ದು. ಇಷ್ಟು ಕಂಡರೆ ಯಾರಾದರೂ ಅದನ್ನು ದುಂಬಿ ಎಂದೇ ಹೇಳುತ್ತಾರೆ. ಆ ‘ದುಂಬಿ’ ಹಾರುತ್ತಿರುವ ಜೇನುನೊಣವೊಂದನ್ನು ಗಾಳಿಯಲ್ಲೇ ಹಿಡಿದು, ಮತ್ತೆ ಅದೇ ಎಲೆಗೆ ಮರಳಿ ಕುಳಿತು ಹೀರತೊಡಗಿದಾಗ ಅನುಮಾನ ಹುಟ್ಟುತ್ತದೆ. ಅದು ದರೋಡೆ ನೊಣ, ಅಂದರೆ ರಾಬರ್ ಫ್ಲೈ. ಅಸಿಲಿಡೇ ಎಂಬ ಕುಟುಂಬಕ್ಕೆ ಸೇರಿದ ಈ ಬೇಟೆಗಾರ ನೊಣಗಳಲ್ಲಿ 7 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಸಪೂರ ಮೈಯ, ಬೂದು ಅಥವಾ ಕಂದು ಬಣ್ಣದ ನೊಣಗಳು. ಅವನ್ನು ಗುರುತಿಸುವುದು ಕಷ್ಟವಲ್ಲ. ಕೆಲವು ಕುಲಗಳು ಮಾತ್ರ ಬಂಬಲ್ ಬೀ (ದಟ್ಟ ರೋಮದ ದಪ್ಪ ಜೇನು) ಅಥವಾ ಮರ ಕೊರೆದು ಗೂಡು ಮಾಡುವ ಬಡಗಿ ದುಂಬಿಯ ರೂಪವನ್ನು ಪಡೆದಿವೆ. ಈ ಬರಹ ಅವುಗಳ ಬಗ್ಗೆ.

ವೇಷದಿಂದ ನೊಣಕ್ಕೇನು ಲಾಭ? ಕುಟುಕುವ ಜೀವಿಯಂತೆ ಕಾಣುವ, ಆದರೆ ಕುಟುಕಲಾರದ ಜೀವಿಯನ್ನು ಶತ್ರುಗಳು ಬಿಟ್ಟುಬಿಡುತ್ತವೆ ಎಂಬ ವಿವರಣೆಯನ್ನು ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ಅಭ್ಯಸಿಸಿ 1862ರಲ್ಲಿ ರೂಪಿಸಿದ ಅನುಕರಣೆಯ ಸಿದ್ಧಾಂತದಿಂದ ಪಡೆಯಬಹುದು. ದರೋಡೆ ನೊಣದ ಮಟ್ಟಿಗೆ ಅದನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ಬ್ರೋವರ್ ದಂಪತಿ ಮತ್ತು ವೆಸ್ಟ್‌ಕಾಟ್. 1960ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಬಂಬಲ್ ಬೀಯಿಂದ ಕುಟುಕಿಸಿಕೊಂಡ ನೆಲಗಪ್ಪೆಗಳು ಅದನ್ನೇ ಹೋಲುವ ಮ್ಯಾಲೊಫೊರಾ ಬೊಂಬೋಯ್ಡಿಸ್ ಎಂಬ ದರೋಡೆ ನೊಣವನ್ನೂ ದೂರವಿಟ್ಟವು. ಹೂವಿನ ಸುತ್ತ ಸುಳಿಯುವ ಜೇನುಗಳ ಹತ್ತಿರಕ್ಕೆ ಸಂಶಯ ಹುಟ್ಟಿಸದೆ ಹೋಗಲು ಈ ವೇಷ ನೆರವಾಗಬಹುದು ಎಂಬ ಇನ್ನೊಂದು ವಾದವೂ ಇದೆ. ಅದರ ಚರ್ಚೆ ಇನ್ನೂ ಮುಗಿದಿಲ್ಲ.

ಗುರುತಿಸುವವರಿಗೆ ಮುಖ್ಯವಾದದ್ದು ಇಷ್ಟು: ವೇಷ ಇರುವುದು ಬಣ್ಣದಲ್ಲಿ, ರೋಮದಲ್ಲಿ, ಸದ್ದಿನಲ್ಲಿ. ಬೇಟೆಯಾಡಿ ಬದುಕಲು ಬೇಕಾದ ಕಣ್ಣು, ಬಾಯಿ, ಕಾಲುಗಳು ಬೇಟೆಗಾರನವೇ ಆಗಿರಬೇಕು, ರೆಕ್ಕೆ ನೊಣದ್ದೇ ಆಗಿರುತ್ತದೆ. ಆದ್ದರಿಂದ ಕೆಲಸದ ಮೊದಲರ್ಧದಲ್ಲಿ ಬಣ್ಣವನ್ನು ಪೂರ್ತಿ ಬದಿಗಿಡಿ. ಪ್ರಭೇದದ ಹೆಸರು ಹುಡುಕುವ ಹಂತಕ್ಕೆ ಬಂದಾಗ ಅದೇ ಬಣ್ಣವನ್ನು ಅಂಗ ಅಂಗವಾಗಿ ಪರೀಕ್ಷಿಸಬೇಕಾಗುತ್ತದೆ.

ಹಂತ 1: ದೂರದಿಂದಲೇ ನಡವಳಿಕೆ ಗಮನಿಸಿ

ಕ್ಯಾಮೆರಾ ಎತ್ತುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಜೇನುಗಳಿಗೆ ಹೂವಿನಲ್ಲಿ ಕೆಲಸವಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ದರೋಡೆ ನೊಣ ಕಾಯುವ ಜೀವಿ. ಸುತ್ತಲೂ ಚೆನ್ನಾಗಿ ಕಾಣುವ ಎಲೆಯ ತುದಿ, ಒಣಗಿದ ಕೊಂಬೆ, ಬಿದ್ದ ಮರದ ದಿಮ್ಮಿ ಅಥವಾ ಹುಲ್ಲಿನ ಕಡ್ಡಿಯ ಮೇಲೆ ಕುಳಿತುಕೊಳ್ಳುತ್ತದೆ. ಏನಾದರೂ ಹಾರಿಹೋದರೆ ಮೈ ಅಲುಗಿಸದೆ ತಲೆಯನ್ನಷ್ಟೇ ಆ ಕಡೆ ತಿರುಗಿಸುತ್ತದೆ. ಬಾಣದಂತೆ ಚಿಮ್ಮಿ ಹೋಗಿ, ಬೇಟೆ ಸಿಕ್ಕರೂ ಸಿಗದಿದ್ದರೂ ಬಹುತೇಕ ಹೊರಟ ಜಾಗಕ್ಕೇ ಅಥವಾ ಅದರ ಹತ್ತಿರಕ್ಕೇ ವಾಪಸಾಗುತ್ತದೆ.

ಈ ಅಭ್ಯಾಸ ನಿಮಗೆ ವರ. ನೊಣ ಹಾರಿತೆಂದು ಬೆನ್ನಟ್ಟಬೇಡಿ. ಅದು ಕುಳಿತಿದ್ದ ಜಾಗದ ಬಳಿಯೇ ಅಲುಗಾಡದೆ ನಿಲ್ಲಿ. ಮರಳಿ ಬಂದಾಗ ಕಾಲುಗಳ ನಡುವೆ ಬೇಟೆಯಿದ್ದರೆ ಅದಕ್ಕಿಂತ ಒಳ್ಳೆಯ ಅವಕಾಶ ಬೇರಿಲ್ಲ. ಊಟದಲ್ಲಿ ತೊಡಗಿದ ದರೋಡೆ ನೊಣ ಬಹಳ ಹೊತ್ತು ಒಂದೇ ಕಡೆ ಇರುತ್ತದೆ, ಹತ್ತಿರ ಹೋದರೂ ಸುಲಭಕ್ಕೆ ಹಾರುವುದಿಲ್ಲ.

ನಡವಳಿಕೆ ಸುಳಿವು ಮಾತ್ರ, ಅದೇ ಪುರಾವೆಯಲ್ಲ. ಜೇನುಗಳೂ ಎಲೆಯ ಮೇಲೆ ಬಿಸಿಲು ಕಾಯಿಸುತ್ತವೆ. ದರೋಡೆ ನೊಣವೂ ಬೇಟೆಗೆ ಹೊಂಚುತ್ತಾ ಹೂವಿನ ಮೇಲೆ ಕುಳಿತಿರಬಹುದು. ಸದ್ದನ್ನಂತೂ ನಂಬಲೇಬೇಡಿ, ದುಂಬಿವೇಷದ ನೊಣಗಳ ಗುಂಯ್‌ಗುಡುವಿಕೆ ಕಿವಿಯನ್ನೂ ಮೋಸ ಮಾಡುವಷ್ಟು ಜೋರಾಗಿರುತ್ತದೆ.

ಹಂತ 2: ರೆಕ್ಕೆ ಮತ್ತು ಕುಡಿಮೀಸೆ

ಜೇನು ಬಳಗಕ್ಕೆ ಎರಡು ಜೊತೆ ರೆಕ್ಕೆ, ನೊಣಗಳಿಗೆ ಒಂದೇ ಜೊತೆ. ಶಾಲೆಯ ಪಾಠದಲ್ಲಿ ಸರಳವಾಗಿ ಕಾಣುವ ಈ ವ್ಯತ್ಯಾಸ ಫೋಟೊದಲ್ಲಿ ಅಷ್ಟು ಸರಳವಲ್ಲ. ಜೇನಿನ ಹಿಂದಿನ ರೆಕ್ಕೆ ಚಿಕ್ಕದು. ಸಣ್ಣ ಕೊಕ್ಕೆಗಳ ಸಾಲಿನಿಂದ ಮುಂದಿನ ರೆಕ್ಕೆಗೆ ಸಿಕ್ಕಿಕೊಂಡಿರುವುದರಿಂದ ಎರಡೂ ಸೇರಿ ಒಂದೇ ರೆಕ್ಕೆಯಂತೆ ತೋರುತ್ತವೆ. ನೊಣದಲ್ಲಿ ಹಿಂದಿನ ರೆಕ್ಕೆಯ ಜಾಗದಲ್ಲಿ ಸಣ್ಣ ಕಡ್ಡಿಯ ತುದಿಗೆ ಗುಂಡು ಇಟ್ಟಂಥ ಅಂಗವಿರುತ್ತದೆ. ಹಾಲ್ಟಿಯರ್ ಎಂದು ಅದರ ಹೆಸರು, ಹಾರಾಟದಲ್ಲಿ ಸಮತೋಲನ ಕಾಪಾಡುವುದು ಅದರ ಕೆಲಸ. ಬದಿಯಿಂದ ತೆಗೆದ ಚಿತ್ರದಲ್ಲಿ ರೆಕ್ಕೆಯ ಬುಡದ ಸ್ವಲ್ಪ ಹಿಂದೆ ಹುಡುಕಿ. ದಟ್ಟ ರೋಮದ ನೊಣಗಳಲ್ಲಿ ಅದು ಮುಚ್ಚಿಹೋಗಿರಬಹುದು. ಕಾಣದಿದ್ದರೆ ತಲೆ ಕೆಡಿಸಿಕೊಳ್ಳದೆ ಕುಡಿಮೀಸೆಗೆ ಬನ್ನಿ.

ಕುಡಿಮೀಸೆ ಹೆಚ್ಚು ನಂಬಿಕಸ್ಥ. ಜೇನಿನದು ಉದ್ದ, ಮೊಣಕೈ ಬಾಗಿಸಿದ ಹಾಗೆ ಒಂದು ಕಡೆ ಮಡಚಿಕೊಂಡಿರುತ್ತದೆ. ಹೆಣ್ಣಿನಲ್ಲಿ 12, ಗಂಡಿನಲ್ಲಿ 13 ತುಂಡುಗಳು. ದರೋಡೆ ನೊಣದ ಕುಡಿಮೀಸೆ ಗಿಡ್ಡ, ಮುಂದಕ್ಕೆ ಚಾಚಿರುತ್ತದೆ, ಮುಖ್ಯವಾಗಿ ಮೂರು ತುಂಡುಗಳಲ್ಲಿ ಮುಗಿಯುತ್ತದೆ. ತಲೆ ಮಸುಕಾಗಿರುವ ಚಿತ್ರದಲ್ಲೂ ಮಡಚಿದ ಉದ್ದ ಮೀಸೆಯೋ ಚಾಚಿದ ಗಿಡ್ಡ ಮೀಸೆಯೋ ಎನ್ನುವಷ್ಟು ಸಾಮಾನ್ಯವಾಗಿ ತಿಳಿದೇ ತಿಳಿಯುತ್ತದೆ.

ಹಂತ 3: ಮುಖವನ್ನು ಓದಿ

ಒಂದೇ ಒಂದು ಫೋಟೊ ತೆಗೆಯಲು ಸಾಧ್ಯ ಎಂದಾದರೆ ಮುಖದ್ದನ್ನೇ ತೆಗೆಯಿರಿ ಎಂದು ನಾನು ಹೇಳುತ್ತೇನೆ. ದರೋಡೆ ನೊಣದ ಮುಖದಂಥ ಮುಖ ಕೀಟಲೋಕದಲ್ಲಿ ಬೇರೆ ಸಿಗುವುದು ಕಷ್ಟ.

ಮೊದಲು ನೆತ್ತಿ ನೋಡಿ. ಎರಡು ದೊಡ್ಡ ಸಂಯುಕ್ತ ಕಣ್ಣುಗಳು ನೆತ್ತಿಯ ಮಟ್ಟಕ್ಕಿಂತ ಮೇಲೆ ಉಬ್ಬಿರುತ್ತವೆ, ನಡುವೆ ಸ್ಪಷ್ಟವಾದ ತಗ್ಗು. ಎದುರಿನಿಂದ ನೋಡಿದರೆ ಎರಡು ಗುಡ್ಡಗಳ ನಡುವಿನ ಕಣಿವೆಯಂತೆ ಕಾಣುತ್ತದೆ. ಆ ತಗ್ಗಿನಲ್ಲಿ ಪುಟ್ಟದೊಂದು ಉಬ್ಬು, ಅದರ ಮೇಲೆ ಮೂರು ಸರಳ ಕಣ್ಣುಗಳು. ದರೋಡೆ ನೊಣದಲ್ಲಿ ಗಂಡಾಗಲಿ ಹೆಣ್ಣಾಗಲಿ, ಎರಡು ದೊಡ್ಡ ಕಣ್ಣುಗಳು ಒಂದನ್ನೊಂದು ಮುಟ್ಟುವುದಿಲ್ಲ. ಎದುರಿಗೆ ನೋಡುವ ಕಣ್ಣಿನ ಭಾಗ ಚಪ್ಪಟೆಯಾಗಿದ್ದು, ಅಲ್ಲಿನ ಪುಟ್ಟ ಮಸೂರಗಳು ಅಂಚಿನವುಗಳಿಗಿಂತ ದೊಡ್ಡವು. ಹಾರುವ ಬೇಟೆಯನ್ನು ಗುರಿಯಿಡಲು ಆ ಭಾಗ ಬೇಕು.

ಕಣ್ಣಿನ ಕೆಳಗೆ, ಬಾಯಿಯ ಮೇಲೆ, ಗಡಸು ಕೂದಲಿನ ದಟ್ಟ ಗೊಂಚಲು ಇರುತ್ತದೆ. ಇದಕ್ಕೆ ಮಿಸ್ಟ್ಯಾಕ್ಸ್ ಎಂದು ಹೆಸರು. ಹವ್ಯಾಸಿಗಳು ಗಡ್ಡವೆಂದೇ ಕರೆಯುತ್ತಾರೆ, ಇಲ್ಲೂ ಹಾಗೆಯೇ ಕರೆಯೋಣ. ಹೆಣಗಾಡುವ ಬೇಟೆಯ ಕಾಲು, ರೆಕ್ಕೆ, ಕೊಂಡಿಗಳಿಂದ ಮುಖಕ್ಕೆ ಪೆಟ್ಟಾಗದಂತೆ ಇದು ತಡೆಯುತ್ತದೆ ಎಂದು ತಿಳಿಯಲಾಗಿದೆ. ಗಡ್ಡದ ಬಣ್ಣವನ್ನು ಈಗಲೇ ಬರೆದಿಟ್ಟುಕೊಳ್ಳಿ. ಪೂರ್ತಿ ಹಳದಿಯೇ, ಪೂರ್ತಿ ಕಪ್ಪೇ, ಅಥವಾ ಎರಡೂ ಬೆರೆತಿದೆಯೇ? ಮುಂದೆ ಪ್ರಭೇದ ಹುಡುಕುವಾಗ ಇದು ಬೇಕಾಗುತ್ತದೆ.

ಗಡ್ಡದ ಕೆಳಗಿನಿಂದ ಹೊರಬಂದಿರುವುದು ಗಟ್ಟಿಯಾದ, ಚಿಕ್ಕ ಸೊಂಡಿಲು. ಜೇನಿನಂತೆ ಮಡಚಿಡುವ ನಾಲಗೆಯಲ್ಲ, ಮನೆಯ ನೊಣದಂತೆ ಮೆತ್ತನೆಯ ಸ್ಪಂಜೂ ಅಲ್ಲ. ಒಳಗಿನ ಸೂಜಿಯಂಥ ಭಾಗ ಬೇಟೆಯ ಮೈಯನ್ನು ತೂರಿ ಲಾಲಾರಸ ಸೇರಿಸುತ್ತದೆ. ಆ ರಸದಲ್ಲಿರುವ ನರವಿಷ ಬೇಟೆಯನ್ನು ಸ್ತಬ್ಧಗೊಳಿಸುತ್ತದೆ, ಕಿಣ್ವಗಳು ಒಳಗಿನ ಮಾಂಸವನ್ನು ದ್ರವವಾಗಿಸುತ್ತವೆ. ಜೇನುನೊಣವನ್ನು ಹಿಡಿದ ನೊಣದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಸೊಂಡಿಲು ಹೆಚ್ಚಾಗಿ ಮೃದುವಾದ ಕಡೆಗಳಲ್ಲೇ ಊರಿರುತ್ತದೆ: ತಲೆ ಮತ್ತು ಎದೆಯ ನಡುವೆ, ಇಲ್ಲವೇ ಹೊಟ್ಟೆಯ ಪಟ್ಟಿಗಳ, ಅಂದರೆ ಉಂಗುರದಂಥ ಖಂಡಗಳ, ಸಂದಿನಲ್ಲಿ. ಗಟ್ಟಿ ಕವಚದ ಜೀರುಂಡೆಯನ್ನು ಹಾರುವಾಗಲೇ ಹಿಡಿಯುವ ಲಾಫ್ರಿಯಾ ಎಂಬ ಕುಲದ ದರೋಡೆ ನೊಣಗಳಿಗೆ, ಕವಚದ ರೆಕ್ಕೆ ತೆರೆದಿರುವಾಗ ಹೊಟ್ಟೆಯ ಮೆತ್ತನೆಯ ಮೇಲ್ಭಾಗ ಸಿಗುತ್ತದೆ.

ಇದೇ ಸೊಂಡಿಲು ನಿಮ್ಮ ಬೆರಳಿಗೂ ತೂರಬಲ್ಲದು. ಈ ನೊಣಕ್ಕೆ ಕೊಂಡಿಯಿಲ್ಲ, ತಾನಾಗಿ ಮನುಷ್ಯರ ಮೇಲೆ ಬೀಳುವುದೂ ಇಲ್ಲ. ಆದರೆ ಕೈಯಲ್ಲಿ ಹಿಡಿದರೆ ಚುಚ್ಚುತ್ತದೆ, ಚೆನ್ನಾಗಿಯೇ ನೋಯುತ್ತದೆ.

ನೆತ್ತಿಯ ತಗ್ಗು, ಗಡ್ಡ, ಗಟ್ಟಿ ಸೊಂಡಿಲು: ಈ ಮೂರೂ ಸ್ಪಷ್ಟವಾಗಿದ್ದರೆ ಕುಟುಂಬದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಹಂತ 4: ಬೇರೆ ವೇಷಧಾರಿಗಳನ್ನು ಹೊರಗಿಡಿ

ದುಂಬಿಯನ್ನು ಅನುಕರಿಸುವ ನೊಣಗಳು ಇನ್ನೂ ಹಲವಿವೆ. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವವು ಹೂನೊಣಗಳು, ಅಂದರೆ ಹೋವರ್ ಫ್ಲೈಗಳು. ವೊಲುಸೆಲ್ಲಾ ಬೊಂಬಿಲಾನ್ಸ್ ಎಂಬ ಹೂನೊಣದಲ್ಲಿ ಒಂದೇ ಪ್ರಭೇದದೊಳಗೆ ಬೇರೆ ಬೇರೆ ಬಂಬಲ್ ಬೀಗಳನ್ನು ಹೋಲುವ ಬಣ್ಣದ ಬಗೆಗಳಿವೆ; ಮೆರೊಡಾನ್ ಈಕ್ವೆಸ್ಟ್ರಿಸ್ ಕೂಡ ಅಂಥದ್ದೇ. ಇವುಗಳ ಮುಖದಲ್ಲಿ ಗಡಸು ಕೂದಲಿನ ಗಡ್ಡವಿಲ್ಲ, ನೆತ್ತಿಯಲ್ಲಿ ತಗ್ಗಿಲ್ಲ. ಅನೇಕ ಪ್ರಭೇದಗಳ ಗಂಡುಗಳಲ್ಲಿ ಎರಡು ಕಣ್ಣುಗಳು ನೆತ್ತಿಯಲ್ಲಿ ಕೂಡಿಕೊಂಡೇ ಇರುತ್ತವೆ. ಬಾಯಿ ಮೆತ್ತಗಿನದು, ಮಕರಂದ ಮತ್ತು ಪರಾಗಕ್ಕೆ ತಕ್ಕದ್ದು.

ಬೊಂಬಿಲಿಯಸ್ ಕುಲದ ನೊಣಗಳು ರೋಮದ ಉಂಡೆಯಂತೆ ಕಂಡರೂ ಮುಂದಕ್ಕೆ ನೇರವಾಗಿ ಚಾಚಿದ ಉದ್ದ, ತೆಳುವಾದ ಸೊಂಡಿಲಿನಿಂದ ಮತ್ತು ಸಪೂರ ಕಾಲುಗಳಿಂದ ತಕ್ಷಣ ಬೇರೆಯಾಗುತ್ತವೆ. ಅಮೆರಿಕ ಖಂಡಗಳ ಕ್ಯೂಟೆರೆಬ್ರಾ ನೊಣಗಳೂ ದುಂಬಿಯಂತೆ ದಪ್ಪಗಿರುತ್ತವೆ, ಆದರೆ ಪ್ರೌಢ ನೊಣದ ಬಾಯಿ ಇದ್ದೂ ಇಲ್ಲದಷ್ಟು ಚಿಕ್ಕದು. ಈ ವೇಷಧಾರಿಗಳಲ್ಲಿ ಮೈಡಾಸ್ ನೊಣಗಳ ನೆತ್ತಿಯಲ್ಲಿ ಮಾತ್ರ ತಗ್ಗು ಇದೆ. ಅವು ದುಂಬಿಗಿಂತ ಕಣಜವನ್ನು ಹೋಲುವುದೇ ಹೆಚ್ಚು, ಕುಡಿಮೀಸೆ ಉದ್ದವಾಗಿ ತುದಿಯಲ್ಲಿ ಗದೆಯಂತೆ ದಪ್ಪಗಿರುತ್ತದೆ.

ಹಂತ 5: ಯಾವ ಕುಲ?

ಇಲ್ಲಿ ನೀವಿರುವ ಭೂಭಾಗ ಅರ್ಧ ಕೆಲಸ ಮಾಡಿಕೊಡುತ್ತದೆ. ದುಂಬಿವೇಷದ ದರೋಡೆ ನೊಣಗಳಲ್ಲಿ ಮೊದಲು ಕಲಿಯಬೇಕಾದ ಕುಲಗಳು ಮೂರು.

ಲಾಫ್ರಿಯಾ ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾಗಳಲ್ಲಿದೆ. ಇದರ ಮರಿಹುಳುಗಳು ಕೊಳೆಯುತ್ತಿರುವ ಮರದೊಳಗೆ ಬೆಳೆದು ಅಲ್ಲಿನ ಇತರ ಕೀಟಗಳ ಮರಿಗಳನ್ನು ತಿನ್ನುತ್ತವೆ. ಹಾಗಾಗಿ ಪ್ರೌಢ ನೊಣಗಳು ಕಾಡಿನಲ್ಲಿ, ಕಾಡಂಚಿನಲ್ಲಿ, ಬಿದ್ದ ದಿಮ್ಮಿಗಳ ಬಳಿ ಕಾಣುತ್ತವೆ. ಬ್ರಿಟನ್ನಿನಲ್ಲಿ ಲಾಫ್ರಿಯಾ ಫ್ಲಾವಾ ಸ್ಕಾಟ್ಲೆಂಡಿನ ಹಳೆಯ ಪೈನ್ ಕಾಡುಗಳಿಗಷ್ಟೇ ಸೀಮಿತವಾಗಿರುವುದಕ್ಕೂ ಸತ್ತ ಪೈನ್ ಮರದ ಜೊತೆಗಿನ ಈ ನಂಟೇ ಕಾರಣ. ಕುಲದ ಎಲ್ಲ ಸದಸ್ಯರೂ ದುಂಬಿವೇಷದವರಲ್ಲ ಎಂಬುದು ನೆನಪಿರಲಿ. ಅಮೆರಿಕದ ಆಗ್ನೇಯ ಭಾಗದ ಲಾಫ್ರಿಯಾ ಸಫ್ರಾನಾ ಒಂದು ಜಾತಿಯ ಕಣಜದ ರಾಣಿಯನ್ನು ಹೋಲುತ್ತದೆ. ಇನ್ನು ಕೆಲವು ಸಪೂರ ಕಪ್ಪು ನೊಣಗಳು.

ಮ್ಯಾಲೊಫೊರಾ ಅಮೆರಿಕ ಖಂಡಗಳದ್ದು ಮಾತ್ರ. ಬಯಲು, ಹುಲ್ಲುಗಾವಲುಗಳು ಇದರ ನೆಲೆ. ಅರ್ಜೆಂಟೀನಾದ ಪಂಪಾಸ್ ಬಯಲಿನ ಮ್ಯಾಲೊಫೊರಾ ರುಫಿಕಾಡಾ ಜೇನುಸಾಕಣೆದಾರರಿಗೆ ತಲೆನೋವಾಗಿರುವ ಪ್ರಭೇದ. ಅದರ ಜೀವನಕ್ರಮ ಬೆರಗು ಹುಟ್ಟಿಸುವಂಥದ್ದು: ಹೆಣ್ಣು ಎತ್ತರದ ಗಿಡ ಅಥವಾ ಬೇಲಿಯ ಮೇಲೆ ಮೊಟ್ಟೆಯಿಡುತ್ತದೆ, ಮೊಟ್ಟೆಯೊಡೆದ ಮರಿಗಳು ಗಾಳಿಯಲ್ಲಿ ಚದುರಿ ನೆಲಕ್ಕೆ ಬಿದ್ದು, ಮಣ್ಣಿನೊಳಗೆ ಇಳಿದು, ಜೀರುಂಡೆಯ ಬಿಳಿ ಗೊಬ್ಬರದ ಹುಳುವನ್ನು ಹುಡುಕಿ ಅದರ ಮೇಲೆ ಪರಾವಲಂಬಿಯಾಗಿ ಬೆಳೆಯುತ್ತವೆ.

ಹೈಪರೇಕಿಯಾ ಬಡಗಿ ದುಂಬಿಯ ಪ್ರತಿರೂಪ. ಆಫ್ರಿಕಾ, ಮಡಗಾಸ್ಕರ್ ಮತ್ತು ಏಷ್ಯಾದ ಉಷ್ಣ ಭಾಗಗಳಲ್ಲಿದೆ. ದಪ್ಪ ಕಪ್ಪು ಮೈ, ಗಾಢ ಬಣ್ಣದ ರೆಕ್ಕೆ, ಬಿರುಸಾದ ರೋಮ ತುಂಬಿದ ಕಾಲುಗಳು. ವೇಷದ ನಂಟು ಇಲ್ಲಿ ಇನ್ನೂ ಆಳಕ್ಕಿಳಿದಿದೆ. ಈ ನೊಣದ ಮರಿಹುಳುಗಳು ಬಡಗಿ ದುಂಬಿಗಳು ಮರದಲ್ಲಿ ಕೊರೆದ ಸುರಂಗದೊಳಗೇ ಇದ್ದು ದುಂಬಿಯ ಮರಿಗಳನ್ನು ತಿನ್ನುತ್ತವೆ ಎಂಬುದನ್ನು ಎಡ್ವರ್ಡ್ ಪೌಲ್ಟನ್ 1924ರಲ್ಲಿ ಚರ್ಚಿಸಿದ್ದರು. ಬಡಗಿ ದುಂಬಿಗಳ ಗೂಡಿರುವ ಒಣಮರದ ಬಳಿ ಅಲುಗದೆ ಕುಳಿತ ‘ದುಂಬಿ’ಯನ್ನು ಇನ್ನೊಮ್ಮೆ ನೋಡಲು ಇಷ್ಟೇ ಸಾಕು.

ಅಂಗಗಳಿಂದ ಬೇರ್ಪಡಿಸುವುದಾದರೆ ಕುಡಿಮೀಸೆಯ ತುದಿ ನೋಡಿ. ಲಾಫ್ರಿಯಾದಲ್ಲಿ ಮೂರನೆಯ ತುಂಡು ದಪ್ಪವಾಗಿ, ಮೊಂಡಾಗಿ ಮುಗಿಯುತ್ತದೆ. ಮ್ಯಾಲೊಫೊರಾದಲ್ಲಿ ಆ ತುಂಡಿನ ತುದಿಯಿಂದ ಕೂದಲೆಳೆಯಂಥ ತೆಳುವಾದ ಮುಂದುವರಿಕೆ ಹೊರಟಿರುತ್ತದೆ. ಇವೆರಡೂ ಕುಲಗಳಲ್ಲಿ ರೆಕ್ಕೆಯ ಮುಂದಂಚಿನ ಕೆಳಗಿರುವ ಉದ್ದನೆಯ ಕೋಶ ಅಂಚನ್ನು ತಲುಪುವ ಮೊದಲೇ ಮುಚ್ಚಿಕೊಳ್ಳುತ್ತದೆ. ಎರಡು ನರಗಳು ಕೂಡಿ ಒಂದಾಗಿ ಮುಂದೆ ಸಾಗುತ್ತವೆ. ದರೋಡೆ ನೊಣಗಳ ಬೇರೆ ಹಲವು ಉಪಕುಟುಂಬಗಳಲ್ಲಿ ಈ ಕೋಶ ಅಂಚಿನವರೆಗೂ ತೆರೆದಿರುತ್ತದೆ. ರೆಕ್ಕೆಯ ಸ್ಪಷ್ಟ ಚಿತ್ರವನ್ನು ಪರಿಣತರು ಮತ್ತೆ ಮತ್ತೆ ಕೇಳುವುದು ಇದಕ್ಕಾಗಿ.

ಹಂತ 6: ಉತ್ತರ ಕೊಡಬಲ್ಲ ಫೋಟೊ

ಚೆಂದದ ಫೋಟೊ ಬೇರೆ, ಗುರುತಿಸಲು ನೆರವಾಗುವ ಫೋಟೊ ಬೇರೆ. ಹಿನ್ನೆಲೆ ಮಸುಕಾಗಿ, ಕಣ್ಣು ಮಾತ್ರ ಹೊಳೆಯುವ ಚಿತ್ರ ನೋಡಲು ಸೊಗಸು. ಆದರೆ ಹೊಟ್ಟೆಯ ಪಟ್ಟಿಗಳೂ ಮಸುಕಾಗಿದ್ದರೆ ಪರಿಣತರೂ ಕೈಚೆಲ್ಲುತ್ತಾರೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ, ಬೆಳಕು ಸಾಲದಿದ್ದರೆ ಫ್ಲ್ಯಾಶ್ ಮುಂದೆ ಬಿಳಿ ಪರದೆಯಂಥದ್ದನ್ನು ಹಿಡಿದು ಮೃದುಗೊಳಿಸಿ. ನೇರ ಫ್ಲ್ಯಾಶ್ ಹಳದಿ ರೋಮವನ್ನು ಬಿಳಿಯಾಗಿ ತೋರಿಸಿ ದಾರಿ ತಪ್ಪಿಸುತ್ತದೆ. ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಕೂಡ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಮೊದಲು ದೂರದಿಂದ ಒಂದು ಚಿತ್ರ ತೆಗೆದುಕೊಂಡು, ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ ಹೋಗಿ. ನಿಮ್ಮ ನೆರಳು ನೊಣದ ಮೇಲೆ ಬೀಳದಿರಲಿ. ಕನಿಷ್ಠ ಈ ನೋಟಗಳು ಬೇಕು:

- ನೇರ ಮೇಲಿನಿಂದ: ಎದೆ ಮತ್ತು ಹೊಟ್ಟೆಯ ಪ್ರತಿ ಪಟ್ಟಿಯ ರೋಮದ ಬಣ್ಣ ಕಾಣುವಂತೆ
- ಬದಿಯಿಂದ: ಕಾಲುಗಳು, ಎದೆಯ ಪಕ್ಕದ ರೋಮ, ಸೊಂಡಿಲು
- ಎದುರಿನಿಂದ: ಗಡ್ಡ, ನೆತ್ತಿಯ ತಗ್ಗು, ಕುಡಿಮೀಸೆ
- ಹೊಟ್ಟೆಯ ತುದಿ, ಹಿಂದಿನಿಂದ ಅಥವಾ ಬದಿಯಿಂದ

ಕುಳಿತಾಗ ಲಾಫ್ರಿಯಾ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಚಿ ಹೊಟ್ಟೆಯನ್ನು ಮುಚ್ಚಿಕೊಳ್ಳುತ್ತದೆ. ಮೇಲಿನ ನೋಟದಲ್ಲಿ ಪಟ್ಟಿಗಳು ರೆಕ್ಕೆಯಡಿ ಮಂಕಾದರೆ, ಸ್ವಲ್ಪ ಓರೆಯಾಗಿ ಹಿಂಬದಿಯಿಂದ ಇನ್ನೊಂದು ತೆಗೆಯಿರಿ. ಹೊಟ್ಟೆಯ ತುದಿಯನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ, ಅದು ದೊಡ್ಡ ನಷ್ಟ. ಗಂಡಿನಲ್ಲಿ ಅಲ್ಲಿ ಗುಂಡಗಿನ, ಉಬ್ಬಿದ ಜನನಾಂಗವಿರುತ್ತದೆ. ಹೆಣ್ಣಿನ ಹೊಟ್ಟೆ ಚೂಪಾಗುತ್ತ ಮುಗಿಯುತ್ತದೆ. ಒಂದೇ ರೀತಿ ಕಾಣುವ ಪ್ರಭೇದಗಳನ್ನು ಗಂಡಿನ ಈ ಅಂಗದ ಆಕಾರದಿಂದಲೇ ಬೇರೆ ಮಾಡಬೇಕಾದ ಸಂದರ್ಭಗಳಿವೆ.

ಅಳತೆಗೆ ಒಂದು ಸುಲಭ ಉಪಾಯವಿದೆ. ನೊಣ ಹಾರಿಹೋದ ಮೇಲೆ ಅದು ಕುಳಿತಿದ್ದ ಎಲೆಯನ್ನೋ ಕೊಂಬೆಯನ್ನೋ ಅಳೆದುಕೊಳ್ಳಿ, ಫೋಟೊದಲ್ಲಿ ಹೋಲಿಸಿದರೆ ಉದ್ದ ಸಿಗುತ್ತದೆ. ಬಾಯಲ್ಲಿ ಬೇಟೆಯಿದ್ದರೆ ಅದರ ಚಿತ್ರವನ್ನೂ ಬೇರೆಯಾಗಿ ತೆಗೆಯಿರಿ. ಯಾವ ನೊಣ ಏನನ್ನು ತಿನ್ನುತ್ತದೆ ಎಂಬ ಮಾಹಿತಿಗೆ ಅದರದೇ ಬೆಲೆಯಿದೆ.

ಹಂತ 7: ಹವ್ಯಾಸಿಗಳ ಮುಂದಿಡುವುದು

ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತು ಸಂಜೆಯ ಬಿಡುವನ್ನೆಲ್ಲ ಅಪರಿಚಿತರ ನೊಣದ ಚಿತ್ರ ನೋಡಲು ಮುಡಿಪಿಟ್ಟವರಿದ್ದಾರೆ. ಅವರಲ್ಲಿ ವೃತ್ತಿಯ ಕೀಟಶಾಸ್ತ್ರಜ್ಞರೂ ಇದ್ದಾರೆ, ದಶಕಗಳಿಂದ ಇದೊಂದೇ ಕುಟುಂಬವನ್ನು ಅಭ್ಯಸಿಸಿದ ಹವ್ಯಾಸಿಗಳೂ ಇದ್ದಾರೆ. ಇವರ ಉದಾರತೆ ನನಗೆ ಯಾವತ್ತೂ ದೊಡ್ಡದಾಗಿ ಕಂಡಿದೆ. ಅವರ ಸಮಯ ಉಳಿಸುವ ಹಾಗೆ ಕೇಳುವುದು ನಮ್ಮ ಪಾಲಿನ ಕೆಲಸ.

ಇದಕ್ಕೆಂದೇ ಜೀವಿಗಳ ಚಿತ್ರ ಹಾಕಿ ಹೆಸರು ಕೇಳುವ ಜಾಲತಾಣಗಳಿವೆ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದ ಐನ್ಯಾಚುರಲಿಸ್ಟ್ ಇಡೀ ಜಗತ್ತಿಗೆ ತೆರೆದಿದೆ. ಬಗ್‌ಗೈಡ್ ಅಮೆರಿಕ ಮತ್ತು ಕೆನಡಾದ ಕೀಟಗಳಿಗೆ, ಡಿಪ್ಟೆರಾ ಇನ್ಫೋ ನೊಣಗಳಿಗೇ ಮೀಸಲು. ಎಲ್ಲಿ ಹಾಕಿದರೂ ಒಂದು ಮಾತು ಅನ್ವಯಿಸುತ್ತದೆ: ಚಿತ್ರವನ್ನು ಸರಿಯಾದ ಕಪಾಟಿನಲ್ಲಿಡಿ. ನೊಣದ ಪರಿಣತರು ಸಾಮಾನ್ಯವಾಗಿ ನೊಣಗಳ ವಿಭಾಗವನ್ನು, ಅದರಲ್ಲೂ ದರೋಡೆ ನೊಣಗಳ ಕುಟುಂಬವನ್ನು ಮಾತ್ರ ಸೋಸಿ ನೋಡುತ್ತಾರೆ. ನಿಮ್ಮ ಚಿತ್ರ ‘ಬಂಬಲ್ ಬೀ’ ಎಂಬ ಹೆಸರಿನಡಿ ಕುಳಿತಿದ್ದರೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಮೂರನೆಯ ಹಂತದವರೆಗೆ ಬಂದಿದ್ದರೆ ‘ಅಸಿಲಿಡೇ’ ಎಂದು ಹಾಕಿ. ಅಷ್ಟೂ ಖಚಿತವಿಲ್ಲದಿದ್ದರೆ ‘ನೊಣ’ ಎಂದಾದರೂ ಹಾಕಿ.

ಕಂಪ್ಯೂಟರ್ ಕೊಡುವ ಹೆಸರಿನ ಸಲಹೆಯನ್ನು ಎಚ್ಚರದಿಂದ ಬಳಸಿ. ಅದು ಚಿತ್ರದ ಒಟ್ಟು ನೋಟವನ್ನು ಹಳೆಯ ಚಿತ್ರಗಳೊಂದಿಗೆ ಹೋಲಿಸುತ್ತದೆ. ಒಟ್ಟು ನೋಟದಿಂದಲೇ ಮೋಸ ಮಾಡುವ ಕೀಟದ ಮುಂದೆ ಅದು ಎಡವುವುದು ಸಹಜ. ಕಡಿಮೆ ಚಿತ್ರಗಳಿರುವ ಭೂಭಾಗಗಳಲ್ಲಿ ಬೇರೆ ಖಂಡದ ಪ್ರಭೇದದ ಹೆಸರನ್ನೇ ಸೂಚಿಸಬಹುದು. ಸೂಚಿಸಿದ ಪ್ರಭೇದ ನಿಮ್ಮ ಭಾಗದಲ್ಲಿ ಹಿಂದೆ ದಾಖಲಾಗಿದೆಯೇ ಎಂದು ನಕ್ಷೆ ತೆರೆದು ನೋಡದೆ ಒಪ್ಪಿಕೊಳ್ಳಬೇಡಿ.

ಎಲ್ಲ ನೋಟಗಳನ್ನೂ ಒಂದೇ ದಾಖಲೆಯಲ್ಲಿ ಸೇರಿಸಿ. ಒಂದೇ ನೊಣಕ್ಕೆ ನಾಲ್ಕು ದಾಖಲೆ ಮಾಡಬೇಡಿ. ದಿನಾಂಕ, ಸ್ಥಳ ಕಡ್ಡಾಯ. ಮನೆಯ ಹಿತ್ತಲಿನ ಚಿತ್ರವಾದರೆ ನಿಖರ ಸ್ಥಳವನ್ನು ಸಾರ್ವಜನಿಕರಿಂದ ಮರೆಮಾಡುವ ಆಯ್ಕೆಯನ್ನು ಬಳಸಿ. ಟಿಪ್ಪಣಿಯಲ್ಲಿ ‘ಇದೇನು?’ ಎಂದಷ್ಟೇ ಬರೆಯುವುದಕ್ಕಿಂತ ಹೀಗೆ ಬರೆದರೆ ಉತ್ತರ ಬೇಗ ಬರುತ್ತದೆ:

‘ಕಾಡಂಚಿನಲ್ಲಿ, ಬಿದ್ದ ದಿಮ್ಮಿಯ ಮೇಲೆ, ಬಿಸಿಲಿನಲ್ಲಿ. ಉದ್ದ ಸುಮಾರು 20 ಮಿ.ಮೀ. ಗಡ್ಡ ಹಳದಿ, ಎದೆಯ ಮೇಲೆ ಹಳದಿ ರೋಮ, ಹೊಟ್ಟೆಯ ಎರಡನೆಯ ಮತ್ತು ಮೂರನೆಯ ಪಟ್ಟಿಗಳಲ್ಲಿ ಹಳದಿ, ಉಳಿದದ್ದು ಕಪ್ಪು. ಕಾಲುಗಳ ರೋಮ ಕಪ್ಪು. ಹೊಟ್ಟೆಯ ತುದಿ ಗುಂಡಗಿದೆ, ಗಂಡಿರಬೇಕು. ಸಣ್ಣ ಜೀರುಂಡೆಯನ್ನು ತಿನ್ನುತ್ತಿತ್ತು. ಕುಡಿಮೀಸೆಯ ತುದಿ ಮೊಂಡಾಗಿರುವುದರಿಂದ ಲಾಫ್ರಿಯಾ ಎಂದುಕೊಂಡಿದ್ದೇನೆ.’

ಇಂಥ ಟಿಪ್ಪಣಿ ಬರೆಯಲು ಕುಳಿತಾಗಲೇ, ಎಲ್ಲಿ ಸರಿಯಾಗಿ ನೋಡಿಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ.

ಹಂತ 8: ಉತ್ತರವನ್ನು ತೂಗಿನೋಡುವುದು

ಯಾರಾದರೂ ಹೆಸರು ಸೂಚಿಸಿದ ಕೂಡಲೇ ‘ಒಪ್ಪಿದೆ’ ಒತ್ತುವ ಅಭ್ಯಾಸ ಒಳ್ಳೆಯದಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ಹೆಸರು ಸೂಚಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವನ್ನು ಒಪ್ಪಿದರೆ, ದಾಖಲೆ ಸಂಶೋಧನೆಗೆ ಬಳಸಬಹುದಾದ ದರ್ಜೆಗೆ ಏರುತ್ತದೆ. ಇಬ್ಬರೇ ಇದ್ದಾಗ ನಿಮ್ಮದೂ ಅದರಲ್ಲೊಂದು ಪೂರ್ಣ ಮತ. ಪರಿಶೀಲಿಸದೆ ಕೊಟ್ಟ ಆ ಮತದಿಂದ ತಪ್ಪು ಹೆಸರೂ ದರ್ಜೆ ಪಡೆದುಬಿಡಬಹುದು. ಸೂಚಿಸಿದವರನ್ನು ‘ಯಾವ ಲಕ್ಷಣದಿಂದ ತಿಳಿಯಿತು?’ ಎಂದು ಕೇಳಿ. ನನ್ನ ಮಟ್ಟಿಗೆ ಇಡೀ ಹವ್ಯಾಸದಲ್ಲಿ ಅತಿ ಹೆಚ್ಚು ಕಲಿಸುವ ಪ್ರಶ್ನೆ ಇದು. ಸಿಕ್ಕ ಉತ್ತರವನ್ನು ನಿಮ್ಮದೇ ಚಿತ್ರದಲ್ಲಿ ಹುಡುಕಿ, ಕಂಡರೆ ಮಾತ್ರ ಒಪ್ಪಿ.

ನೀವು ಮೊದಲು ‘ಬಂಬಲ್ ಬೀ’ ಎಂದು ಹಾಕಿದ್ದು, ಬೇರೆಯವರು ‘ದರೋಡೆ ನೊಣ’ ಎಂದರೆ, ಎರಡಕ್ಕೂ ಹೊಂದುವ ಹೆಸರಿಗಾಗಿ ದಾಖಲೆ ‘ಕೀಟ’ದಷ್ಟು ವಿಶಾಲ ಮಟ್ಟಕ್ಕೆ ಜಾರುತ್ತದೆ. ತಿದ್ದುಪಡಿ ಸರಿಯೆನಿಸಿದರೆ ನಿಮ್ಮ ಹಳೆಯ ಸೂಚನೆಯನ್ನು ಹಿಂತೆಗೆದುಕೊಳ್ಳಿ. ಇಲ್ಲದಿದ್ದರೆ ದಾಖಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಕೆಲವೊಮ್ಮೆ ಪರಿಣತರು ‘ಲಾಫ್ರಿಯಾ, ಇದಕ್ಕಿಂತ ಮುಂದೆ ಹೇಳಲಾಗದು’ ಎಂದು ನಿಲ್ಲಿಸುತ್ತಾರೆ. ಅದು ಪೂರ್ಣ ಉತ್ತರವೇ. ಚಿತ್ರದಲ್ಲಿ ಇಲ್ಲದ ಲಕ್ಷಣವನ್ನು ಊಹಿಸಿ ಹೆಸರು ಕೊಡುವವರಿಗಿಂತ ಕುಲದಲ್ಲೇ ನಿಲ್ಲುವವರನ್ನು ನಾನು ಹೆಚ್ಚು ನಂಬುತ್ತೇನೆ.

ಹಂತ 9: ಈಗ ಬಣ್ಣಕ್ಕೆ ಬನ್ನಿ

ಕುಲ ಖಚಿತವಾದ ಮೇಲೆ ಬಣ್ಣ ಸಾಕ್ಷಿಯಾಗುತ್ತದೆ, ಆದರೆ ‘ಹಳದಿ-ಕಪ್ಪು ನೊಣ’ ಎಂಬ ಒಟ್ಟು ಬಣ್ಣವಲ್ಲ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಲಾಫ್ರಿಯಾ ಥೊರಾಸಿಕಾ, ಲಾಫ್ರಿಯಾ ಫ್ಲಾವಿಕೊಲಿಸ್, ಲಾಫ್ರಿಯಾ ಗ್ರೋಸಾ ಮೂರೂ ಬಂಬಲ್ ಬೀಯನ್ನು ಹೋಲುತ್ತವೆ. ಇಂಥ ಕಡೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಗಡ್ಡದ ಬಣ್ಣವೇನು? ಎದೆಯ ಹಿಂತುದಿಯಲ್ಲಿರುವ ಪುಟ್ಟ ತಟ್ಟೆಯಂಥ ಸ್ಕುಟೆಲ್ಲಮ್ ಮೇಲಿನ ರೋಮ ಕಪ್ಪೋ ಹಳದಿಯೋ? ಹೊಟ್ಟೆಯ ಹಳದಿ ಎಷ್ಟನೆಯ ಪಟ್ಟಿಯಿಂದ ಶುರುವಾಗಿ ಎಷ್ಟನೆಯದರಲ್ಲಿ ಮುಗಿಯುತ್ತದೆ? ತೊಡೆ ಮತ್ತು ಮೊಣಕಾಲ ಕೆಳಗಿನ ಭಾಗದ ರೋಮದ ಬಣ್ಣ ಒಂದೇ ಆಗಿದೆಯೇ? ಹೊಟ್ಟೆಯ ಪಟ್ಟಿಗಳನ್ನು ಎದೆಯ ಕಡೆಯಿಂದ ಎಣಿಸಿ; ಮೊದಲನೆಯದು ಚಿಕ್ಕದಾಗಿ ಎದೆಯ ರೋಮದಡಿ ಅಡಗಿರುವುದರಿಂದ ಅದನ್ನು ಲೆಕ್ಕಕ್ಕೆ ಬಿಟ್ಟು ಎಡವುವವರು ಬಹಳ.

ಒಂದೇ ಪ್ರಭೇದದೊಳಗೂ ಬಣ್ಣ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಹಳೆಯ ನೊಣಗಳ ರೋಮ ಸವೆದು ಮಾಸಿರುತ್ತದೆ. ಆದ್ದರಿಂದ ಒಂದೇ ಲಕ್ಷಣದ ಮೇಲೆ ತೀರ್ಪು ಕೊಡದೆ, ಗಡ್ಡ, ಸ್ಕುಟೆಲ್ಲಮ್, ಪಟ್ಟಿ, ಕಾಲು ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆಯೇ ನೋಡಿ. ಹಾರುವ ಕಾಲ ಮತ್ತು ನೆಲೆ ಕೂಡ ಹೊಂದಬೇಕು.

ಇಷ್ಟು ಕೈವಶವಾದ ಮೇಲೆ ನಿಮ್ಮ ಮೊಬೈಲ್‌ನಲ್ಲಿರುವ ಹಳೆಯ ‘ದುಂಬಿ’ ಚಿತ್ರಗಳನ್ನು ತೆರೆಯಿರಿ. ಹೂವಿನ ಮೇಲಿರುವವನ್ನು ಬಿಟ್ಟು, ಎಲೆ, ಕಡ್ಡಿ, ದಿಮ್ಮಿಗಳ ಮೇಲೆ ಕುಳಿತವನ್ನು ಮೊದಲು ದೊಡ್ಡದು ಮಾಡಿ ನೋಡಿ. ಕುಡಿಮೀಸೆ ಗಿಡ್ಡವಿದ್ದು ನೆತ್ತಿಯಲ್ಲಿ ತಗ್ಗು ಕಂಡರೆ, ಅಂತರ್ಜಾಲದಲ್ಲಿ ಅದಕ್ಕೆ ಕೊಟ್ಟಿದ್ದ ಜೇನಿನ ಹೆಸರನ್ನು ಹಿಂತೆಗೆದು ‘ಅಸಿಲಿಡೇ’ ಎಂದು ಬದಲಿಸಿ. ಎಷ್ಟು ಹಳೆಯ ದಾಖಲೆಯಾದರೂ, ಈ ಕುಟುಂಬವನ್ನು ನೋಡುವವರಿಗೆ ಅಲ್ಲಿಂದ ಮುಂದೆ ಅದು ಕಾಣಿಸತೊಡಗುತ್ತದೆ.